ಸೈಟಿನ ಪುಟಗಳು ಗೂಗಲ್‌ನಲ್ಲಿ ಇವೆಯೋ ಇಲ್ಲವೋ ಅಂತ ಟೂಲ್ ಹೇಳಿದ್ದನ್ನು ನಂಬಬಹುದಾ?

ನಿಮ್ಮ ಕನ್ನಡ ಅಡುಗೆ ಸೈಟಿನಲ್ಲಿ 300 ಪುಟಗಳಿವೆ, ಒಂದು ಉಚಿತ ಟೂಲ್ ಅದರಲ್ಲಿ 140 ಗೂಗಲ್ ಇಂಡೆಕ್ಸ್‌ನಲ್ಲಿ (ಹುಡುಕಿದಾಗ ತೋರಿಸಲು ಗೂಗಲ್ ಇಟ್ಟುಕೊಂಡಿರುವ ಪುಟಗಳ ಪಟ್ಟಿಯಲ್ಲಿ) ಇಲ್ಲ ಅಂತ ತೋರಿಸಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಏನೂ ಮಾಡಬೇಡಿ. ಪುಟ ಅಳಿಸಬೇಡಿ, ವಿಳಾಸ ಬದಲಿಸಬೇಡಿ. ಇಂಥದ್ದೇ ಒಂದು ಪಟ್ಟಿ ನೋಡಿ ನಾನೂ ಎರಡು ದಿನ ನಿದ್ದೆ ಕೆಡಿಸಿಕೊಂಡಿದ್ದೆ.

ಇಂಥ ಟೂಲ್‌ಗಳಲ್ಲಿ ಎಷ್ಟೋ ಮಾಡುವುದು ಇಷ್ಟೇ: ನಿಮ್ಮ ವಿಳಾಸದ ಶುರುವಿಗೆ ‘ಸೈಟ್’ ಮತ್ತು ಕೋಲನ್ (ಇಂಗ್ಲಿಷ್ ಅಕ್ಷರದಲ್ಲಿ) ಸೇರಿಸಿ ಗೂಗಲ್‌ನಲ್ಲಿ ಹುಡುಕುತ್ತವೆ. ಸಿಕ್ಕರೆ ಇದೆ, ಸಿಗದಿದ್ದರೆ ಇಲ್ಲ. ಆದರೆ ಆ ಹುಡುಕಾಟ ಇಂಡೆಕ್ಸ್‌ನಲ್ಲಿರುವ ಎಲ್ಲ ಪುಟಗಳನ್ನೂ ತೋರಿಸುವುದಿಲ್ಲ ಅಂತ ಗೂಗಲ್ಲೇ ಹೇಳುತ್ತದೆ. ಯಂತ್ರದಿಂದ ಹಾಗೆ ಹುಡುಕುವುದು ಅವರ ನಿಯಮಕ್ಕೂ ವಿರುದ್ಧ. ಒಂದೇ ಸಮನೆ ಕೇಳಿದರೆ ಕ್ಯಾಪ್ಚಾ, ಅಂದರೆ ನೀವು ಮನುಷ್ಯರೇನಾ ಅನ್ನುವ ಪರೀಕ್ಷೆ, ಎದುರಾಗುತ್ತದೆ. ಫಲಿತಾಂಶ ಸಿಗದ ಟೂಲ್ ಅದನ್ನೂ ‘ಇಲ್ಲ’ ಅಂತ ಬರೆದುಕೊಂಡರೆ ನಿಮಗೆ ಗೊತ್ತಾಗುವುದಾದರೂ ಹೇಗೆ?

ಸರಿಯಾದ ದಾರಿ ಸರ್ಚ್ ಕನ್ಸೋಲ್‌ನ (ಸೈಟಿನ ಮಾಲೀಕರಿಗೆ ಗೂಗಲ್ಲೇ ಕೊಡುವ ಉಚಿತ ಸೇವೆ) ಯುಆರ್‌ಎಲ್ ಇನ್‌ಸ್ಪೆಕ್ಷನ್ ಎಪಿಐ. ಅಂದರೆ ಒಂದೊಂದು ಪುಟದ ಸ್ಥಿತಿಯನ್ನು ಪ್ರೋಗ್ರಾಂ ಮೂಲಕ ಗೂಗಲ್‌ನ್ನೇ ಕೇಳುವ ದಾರಿ. 2022ರ ಜನವರಿ ಕೊನೆಯಲ್ಲಿ ಬಂತು. ಒಂದು ಪ್ರಾಪರ್ಟಿಗೆ (ಸರ್ಚ್ ಕನ್ಸೋಲ್‌ನಲ್ಲಿ ಸೇರಿಸಿದ ಒಂದು ಸೈಟಿಗೆ) ದಿನಕ್ಕೆ 2,000 ವಿಳಾಸ, ನಿಮಿಷಕ್ಕೆ 600 ಕೇಳಬಹುದು. ನಿಮ್ಮ 300ಕ್ಕೆ ಧಾರಾಳವಾಯಿತು. ಗೂಗಲ್ ಕ್ಲೌಡ್‌ನಲ್ಲಿ (ಪ್ರೋಗ್ರಾಂ ಬರೆಯುವವರಿಗೆ ಗೂಗಲ್ ಕೊಡುವ ಸೇವೆ) ಒಂದು ಪ್ರಾಜೆಕ್ಟ್ ಮಾಡಿ, ಸರ್ಚ್ ಕನ್ಸೋಲ್ ಎಪಿಐ ಆನ್ ಮಾಡಿ. ಒಂದು ಸರ್ವಿಸ್ ಅಕೌಂಟ್ (ಮನುಷ್ಯರಿಗಲ್ಲ, ಪ್ರೋಗ್ರಾಂಗೆ ಇರುವ ಖಾತೆ) ತೆರೆದು, ಅದರ ಇಮೇಲನ್ನು ಸರ್ಚ್ ಕನ್ಸೋಲ್‌ನಲ್ಲಿ ಬಳಕೆದಾರರಾಗಿ ಸೇರಿಸಿ. ಇದನ್ನು ಮರೆತವರೇ ಜಾಸ್ತಿ. 403 ಎರರ್ (ಅನುಮತಿ ಇಲ್ಲ ಅಂತ ಅರ್ಥ) ಬಂದರೆ ಮೊದಲು ಇಲ್ಲೇ ನೋಡಿ. ನಿಮ್ಮದು ಡೊಮೇನ್ ಪ್ರಾಪರ್ಟಿ (ಇಡೀ ಡೊಮೇನನ್ನು ಒಟ್ಟಿಗೆ ಸೇರಿಸಿದ್ದು) ಆದರೆ, ಎಪಿಐಗೆ ಕೊಡುವಾಗ ಅದರ ಹೆಸರಿನ ಶುರುವಿಗೆ ‘ಎಸ್‌ಸಿ-ಡೊಮೇನ್’ ಮತ್ತು ಕೋಲನ್ (ಇಂಗ್ಲಿಷ್ ಅಕ್ಷರದಲ್ಲಿ) ಬರಲೇಬೇಕು. ಕೋಡ್ ಬರೆಯಲು ಬರದಿದ್ದರೆ ಸೈಟ್ ತಪಾಸಣೆಯ ಸಾಫ್ಟ್‌ವೇರ್ ಸ್ಕ್ರೀಮಿಂಗ್ ಫ್ರಾಗ್‌ನಲ್ಲಿ ಈ ಎಪಿಐ ಜೋಡಿಸಬಹುದು, ಆದರೆ ಅದಕ್ಕೆ ದುಡ್ಡು ಕೊಟ್ಟ ಲೈಸೆನ್ಸ್ ಬೇಕು.

ಈಗ ಕನ್ನಡದವರಿಗೇ ಬರುವ ತೊಂದರೆ ಹೇಳುತ್ತೇನೆ. ನಾನು ನೋಡಿಕೊಳ್ಳುವ ಕೃಷಿ ಸೈಟಿನಲ್ಲಿ ಆಗ 412 ಪುಟಗಳಿದ್ದವು. ಎಪಿಐಯಿಂದ ಕೇಳಿದ ಮೊದಲ ದಿನ 63 ಪುಟಗಳಿಗೆ ‘ಯುಆರ್‌ಎಲ್ ಈಸ್ ಅನ್‌ನೋನ್ ಟು ಗೂಗಲ್’, ಅಂದರೆ ಈ ವಿಳಾಸ ಗೂಗಲ್‌ಗೆ ಗೊತ್ತಿಲ್ಲ, ಅಂತ ಬಂತು. ಅದರಲ್ಲಿ ಪಂಪ್‌ಸೆಟ್ ದುರಸ್ತಿಯ ಪುಟವೂ ಇತ್ತು. ದಿನಾ ಗೂಗಲ್‌ನಿಂದಲೇ ಜನ ಬರುವ ಪುಟ ಅದು! ಗೂಗಲ್‌ಗೆ ಗೊತ್ತಿಲ್ಲದೆ ಹೇಗೆ ಬರುತ್ತಾರೆ?

ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ನೋಡಿದಾಗ ಸಿಕ್ಕಿತು. ‘ಪಂಪ್‌ಸೆಟ್’ ಅಂತ ಟೈಪ್ ಮಾಡುವಾಗ ‘ಪ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದು ಇಲ್ಲದಿದ್ದರೆ ‘ಪಂಪ್ಸೆಟ್’ ಆಗಿಬಿಡುತ್ತದೆ. ಸೈಟಿನ ಸಾಫ್ಟ್‌ವೇರ್ ವಿಳಾಸ ಮಾಡುವಾಗ ಅದನ್ನು ತೆಗೆದಿತ್ತು. ನಾನು ಪಟ್ಟಿ ಮಾಡಿದ್ದು ಲೇಖನಗಳ ಶೀರ್ಷಿಕೆಯಿಂದ. ಅಂದರೆ ಇಲ್ಲದ ವಿಳಾಸಗಳ ಬಗ್ಗೆ ಕೇಳುತ್ತಿದ್ದೆ. ಇನ್ನು ಕೆಲವು ಶೀರ್ಷಿಕೆಗಳು ವಿಳಾಸದಲ್ಲಿ ಅರ್ಧಕ್ಕೇ ಕತ್ತರಿಸಿದ್ದವು. ಕಂಪ್ಯೂಟರ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಬೈಟ್ ಜಾಗ ಬೇಕು; ವಿಳಾಸದಲ್ಲಿ ಅದು ಪರ್ಸೆಂಟ್ ಗುರುತುಗಳ ಸಮೇತ ಒಂಬತ್ತು ಅಕ್ಷರ ಆಗುತ್ತದೆ. ಸೈಟ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್, ವಿಳಾಸದಲ್ಲಿ ಶೀರ್ಷಿಕೆಯ ಭಾಗಕ್ಕೆ ಕೊಡುವ ಜಾಗ ಇಂಥ 200 ಅಕ್ಷರ. ಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ಎಲ್ಲ ಸೇರಿ 22 ದಾಟಿದರೆ ಬಾಲ ಕತ್ತರಿಸುತ್ತದೆ.

ಸೈಟ್‌ಮ್ಯಾಪ್‌ನಿಂದ (ಸೈಟೇ ಕೊಡುವ ತನ್ನ ಪುಟಗಳ ವಿಳಾಸಪಟ್ಟಿ) ವಿಳಾಸ ತೆಗೆದುಕೊಂಡು ಮತ್ತೆ ಕೇಳಿದೆ. ಆ 63ರಲ್ಲಿ ನಿಜವಾಗಿ ಇಂಡೆಕ್ಸ್‌ನಲ್ಲಿ ಇಲ್ಲದ್ದು 9 ಮಾತ್ರ. ಎರಡರಲ್ಲಿ ಯಾವಾಗಲೋ ಹಾಕಿದ್ದ ನೋಇಂಡೆಕ್ಸ್ ಟ್ಯಾಗ್ (ಈ ಪುಟ ಇಂಡೆಕ್ಸ್‌ಗೆ ಬೇಡ ಅನ್ನುವ ಸೂಚನೆ) ಹಾಗೇ ಉಳಿದಿತ್ತು, ತೆಗೆದೆ. ಉಳಿದ ಏಳು ‘ಕ್ರಾಲ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’. ಅಂದರೆ ಗೂಗಲ್ ಬಂದು ಓದಿದೆ, ಆದರೆ ಇಟ್ಟುಕೊಂಡಿಲ್ಲ. ‘ಡಿಸ್ಕವರ್ಡ್’ ಅಂತ ಶುರುವಾದರೆ ವಿಳಾಸ ಗೊತ್ತು, ಇನ್ನೂ ಬಂದಿಲ್ಲ. ಎರಡಕ್ಕೂ ಮದ್ದು ಬೇರೆ. ಬಂದೂ ಇಟ್ಟುಕೊಳ್ಳದ ಪುಟವನ್ನು ಸುಮ್ನೆ ಮತ್ತೆ ಮತ್ತೆ ಸಲ್ಲಿಸಿ ಪ್ರಯೋಜನ ಇಲ್ಲ. ನನ್ನ ಆ ಏಳೂ ನಾಲ್ಕೈದು ಸಾಲಿನ ಟಿಪ್ಪಣಿಗಳು. ಅವನ್ನು ದೊಡ್ಡ ಲೇಖನಗಳಿಗೆ ಸೇರಿಸಿದೆ.

ಯಾರಾದರೂ ಇಂಡೆಕ್ಸಿಂಗ್ ಎಪಿಐ (ಗೂಗಲ್‌ನ ಇನ್ನೊಂದು ಎಪಿಐ) ಬಳಸಿ ಪುಟಗಳನ್ನು ಇಂಡೆಕ್ಸ್‌ಗೆ ತಳ್ಳಿ ಅಂದರೆ ಬೇಡ ಅನ್ನಿ. ಅದು ಕೆಲಸದ ಜಾಹೀರಾತು, ಲೈವ್ ವಿಡಿಯೊ ಪುಟಗಳಿಗೆ ಮಾತ್ರ. ಅಡುಗೆಗೆ ಅಲ್ಲ.

ಕೋಡ್ ಬರೆಯುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಆ 140ರಲ್ಲಿ ಹತ್ತು ಪುಟಗಳನ್ನು ಬ್ರೌಸರ್‌ನಲ್ಲಿ ತೆರೆಯಿರಿ. ವಿಳಾಸವನ್ನು ಟೂಲಿನ ಪಟ್ಟಿಯಿಂದ ಬೇಡ, ಬ್ರೌಸರ್‌ನ ಅಡ್ರೆಸ್ ಬಾರ್‌ನಿಂದಲೇ ಕಾಪಿ ಮಾಡಿ, ಸರ್ಚ್ ಕನ್ಸೋಲ್‌ನ ಮೇಲಿನ ಬಾಕ್ಸ್‌ನಲ್ಲಿ ಹಾಕಿ. ಹತ್ತಕ್ಕೂ ಏನು ಬಂತು ಅಂತ ಇಲ್ಲಿ ಬರೆಯಿರಿ, ಮುಂದಿನದು ನೋಡೋಣ.