ಅಜ್ಜನ ಕಾಲದ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಬೇಕಾ?

ಕುಮಟಾ ಹತ್ತಿರ ಚಿರೆಕಲ್ಲಿನ (ಜಂಬಿಟ್ಟಿಗೆಯ) ಹಳೇ ಹಂಚಿನ ಮನೆ ಇದೆ, ಕೆಡವಿ ಆರ್‌ಸಿಸಿ ಮಾಡಿಸಲಾ, ಪರಿಸರಕ್ಕೆ ಒಳ್ಳೆಯದು ಅನ್ನುವ ಹಳೇ ಪದ್ಧತಿ ಈಗಲೂ ಕೆಲಸಕ್ಕೆ ಬರುತ್ತದಾ ಎಂದು ಕೇಳಿದ್ದೀರಿ. ನಾನು ಹೊನ್ನಾವರ, ಕುಮಟಾ ಭಾಗದಲ್ಲಿ ಮನೆ ಕೆಲಸ ಮಾಡಿಸುವವನು. ಕೆಡವಬೇಡಿ ಅನ್ನುತ್ತೇನೆ. ಕೆಡವಲೇಬೇಕು ಅಂತಿದ್ದರೂ ಮಾಡಿನ, ಅಂದರೆ ಛಾವಣಿಯ, ಇಳಿಜಾರು ಮಾತ್ರ ಬಿಡಬೇಡಿ.

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಹೋಗುವಾಗ ಒಮ್ಮೆ ತಲೆ ಎತ್ತಿ ನೋಡಿ. ಎಷ್ಟೋ ತಾರಸಿ ಮನೆಗಳ ಮೇಲೆ ಕಂಬ ನಿಲ್ಲಿಸಿ ಶೀಟ್ ಹೊದಿಸಿದ್ದಾರೆ. ಇಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಚಪ್ಪಟೆ ಸ್ಲ್ಯಾಬ್ ಮೇಲೆ ನೀರು ನಿಂತು ಬಿರುಕಿಗೆ ಇಳಿಯುತ್ತದೆ. ಕಡಲ ಗಾಳಿಯ ಉಪ್ಪೂ ಸೇರಿದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಅಡಿಯಿಂದ ಕಾಂಕ್ರೀಟ್ ಚಕ್ಕೆ ಉದುರುತ್ತದೆ. ಆಮೇಲೆ ಶೀಟ್. ಅಂದರೆ ಒಂದು ಮನೆಗೆ ಎರಡು ಮಾಡಿನ ಖರ್ಚು! ಭಟ್ಕಳದ ಹಳೇ ಬಸದಿ, ದೇವಸ್ಥಾನಗಳಲ್ಲಿ ಕಲ್ಲು ಚಪ್ಪಡಿಯನ್ನೇ ಇಳಿಜಾರಾಗಿ ಹೊದಿಸಿದ್ದು ನೋಡಿದ್ದೀರಲ್ವಾ? ಕಲ್ಲಿನಲ್ಲಿ ಕಟ್ಟುವಾಗಲೂ ಅವರು ಮಳೆಯನ್ನು ಮರೆಯಲಿಲ್ಲ.

ಹಾಗಂತ ಎಲ್ಲವನ್ನೂ ಹಳೇ ತರಹವೇ ಮಾಡಬೇಕೆಂದಿಲ್ಲ. ಮಂಗಳೂರು ಹಂಚು ಕೂಡ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಶುರು ಮಾಡಿದ ಕಾರ್ಖಾನೆಯ ಮಾಲು. ಅದಕ್ಕೂ ಮುಂಚೆ ಇಲ್ಲಿ ಹುಲ್ಲು, ತೆಂಗಿನ ಮಡಲು, ನಾಡಹಂಚು. ಘಟ್ಟದ ಮೇಲೆ ಸಿರ್ಸಿ ಕಡೆ ಅಡಿಕೆ ಸೋಗೆ. ಹೊಸದು ಅನುಕೂಲ ಅನ್ನಿಸಿದಾಗ ಹಿರಿಯರು ತಗೊಂಡರು, ಮಾಡಿನ ಆಕಾರ ಬದಲಿಸಲಿಲ್ಲ. ಈಗ ಹಂಚು ಹೊರುವ ಪಕಾಸಿಗೆ ಮರ ದುಬಾರಿ, ಗೆದ್ದಲು ಬೇರೆ. ಕಬ್ಬಿಣದ ಪೈಪ್ ಹಾಕಿಸಿ, ಬಣ್ಣ ಮಾತ್ರ ಸರಿಯಾಗಿ ಹೊಡೆಸಿ. ಸಂಪ್ರದಾಯ ಕೆಟ್ಟಿತು ಎಂದು ಯಾರಾದರೂ ಅಂದರೆ ಸುಮ್ನೆ ನಕ್ಕುಬಿಡಿ.

ಇನ್ನು ಗೋಡೆ. ನನ್ನ ಪ್ರಕಾರ ನಿಮ್ಮ ಆಸ್ತಿ ಇರುವುದು ಅಲ್ಲೇ. ಚಿರೆಕಲ್ಲು ಗಣಿಯಿಂದ ಬರುವಾಗ ಮೆದು, ಗಾಳಿಗೆ ಒಣಗಿದಷ್ಟೂ ಗಟ್ಟಿ. ಇಟ್ಟಿಗೆಯ ಹಾಗೆ ಸುಡಬೇಕಾಗಿಲ್ಲ. ಸಿಮೆಂಟ್ ತಯಾರಿಕೆಯೊಂದೇ ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು 8 ಶೇಕಡಾ ಉಗುಳುತ್ತದೆ, ಹಾಗಾಗಿ ಇರುವ ಗೋಡೆ ಉಳಿಸಿ ಹೊಸ ಸಿಮೆಂಟ್ ತಪ್ಪಿಸುವುದು ಸಣ್ಣ ಲಾಭವಲ್ಲ. ಹಳೇ ಗೋಡೆಯ ಸಂದಿಗೆ ಉಗುರು ಹಾಕಿ ಕೆರೆದು ನೋಡಿ. ಮಣ್ಣೋ ಸುಣ್ಣವೋ ಪುಡಿಯಾಗಿ ಬಂದರೆ ಅದೃಷ್ಟ. ಅಂಥ ಗೋಡೆ ಬಿಚ್ಚಿದರೆ ಕಲ್ಲು ಇಡಿಯಾಗಿ ಕೈಗೆ ಸಿಗುತ್ತದೆ, ಮತ್ತೆ ಕಟ್ಟಬಹುದು. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಕಲ್ಲೇ ಒಡೆಯುತ್ತದೆ ಹೊರತು ಸಂದಿ ಬಿಡುವುದಿಲ್ಲ. ಹೊಸ ಕಲ್ಲು ತರಿಸಿದರೆ ಅಷ್ಟು ಗುಡ್ಡ ಅಗೆಯಬೇಕು, ಆ ಗುಂಡಿಯನ್ನು ಆಮೇಲೆ ಮುಚ್ಚುವವರು ಕಡಿಮೆ. ತರಲೇಬೇಕಾದರೆ ಬಿಳಿ ಮಣ್ಣಿನ ತೇಪೆ ಇರುವ ಕಲ್ಲು ಬೇಡ. ಎರಡು ಮಳೆಗಾಲಕ್ಕೆ ಆ ಮಣ್ಣು ತೊಳೆದು ಹೋಗಿ ತೂತು ಉಳಿಯುತ್ತದೆ.

ಹಳೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸಬೇಡಿ. ಎಲ್ಲ ಮೇಸ್ತ್ರಿಗಳೂ ಮೊದಲು ಹೇಳುವುದು ಬಳಿಸಿ ಎಂದೇ, ಕೇಳಬೇಡಿ. ಒಳಗಿನ ತೇವ ಹೊರಹೋಗಲು ದಾರಿ ಇಲ್ಲದೆ ಗೋಡೆ ಬೂಸ್ಟು ಹಿಡಿಯುತ್ತದೆ. ಸುಣ್ಣದ ಗಾರೆ ಸಾಕು. ಸೂರು ಮಾತ್ರ ಗೋಡೆಯಿಂದ ಮೂರಡಿಯಾದರೂ ಮುಂದೆ ಚಾಚಿರಲಿ.

ತೊಂದರೆ ಇಲ್ಲವಾ? ಇದೆ. ಮಂಗ. ಒಂದು ಹಿಂಡು ಮಾಡಿನ ಮೇಲೆ ಓಡಿದರೆ ಹಂಚು ಜಾರಿ ಅಡುಗೆಮನೆಗೆ ಆಕಾಶ ಕಾಣುತ್ತದೆ, ಹತ್ತಿ ಸರಿಮಾಡುವವರು ಈಗ ಸಿಗುವುದಿಲ್ಲ. ಹಂಚಿನ ಕೆಳಗೆ ಶೀಟ್ ಹಾಕಿಸಿದರೆ ಸೋರುವ ಭಯ ತಪ್ಪುತ್ತದೆ, ಆದರೆ ಖರ್ಚು ಜಾಸ್ತಿ. ಕತ್ತಲೆಗೆ ನಾಲ್ಕೈದು ಗಾಜಿನ ಹಂಚು ಸಾಕು. ಅಡಿಕೆ ಒಣಗಿಸಲು ತಾರಸಿ ಬೇಕೇ ಬೇಕು ಅಂದರೆ ಹಿಂಬದಿಯ ಒಂದು ಭಾಗಕ್ಕೆ ಮಾತ್ರ ಸ್ಲ್ಯಾಬ್ ಹಾಕಿಸಿ. ಅದರಲ್ಲೂ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿಸುತ್ತಿದ್ದ ಹಾಗೆ ಸರಳುಗಳ ನಡುವೆ ಹಳೇ ಹಂಚು ಜೋಡಿಸಿ ಕಾಂಕ್ರೀಟ್ ಸುರಿಸಬಹುದು. ಕಾಂಕ್ರೀಟ್ ಉಳಿತಾಯವಾಗುತ್ತದೆ, ಮಾಡಿನಿಂದ ಇಳಿಸಿದ ಹಂಚಿಗೂ ಕೆಲಸ ಸಿಗುತ್ತದೆ. ಇದನ್ನು ಮಾಡಿ ಗೊತ್ತಿರುವ ಎಂಜಿನಿಯರ್ ಕೈಲೇ ಮಾಡಿಸಿ.

ನಿಮ್ಮ ಒಳಗೋಡೆಗಳು ಕಲ್ಲಿನವಾ, ಬರೀ ಮಣ್ಣಿನವಾ ಹೇಳಲಿಲ್ಲ. ಮಣ್ಣಿನವಾದರೆ ಮಾಡು ಬಿಚ್ಚುವ ಕೆಲಸ ಜನವರಿಯಲ್ಲೇ ಶುರು ಮಾಡಿ. ಮೊದಲ ಮಳೆಗೆ ಅವು ಬೆತ್ತಲಾಗಿ ನಿಂತಿರಬಾರದು.