ಕಾಂಟ್ರ್ಯಾಕ್ಟ್ ಕೆಲಸ, 72,000 ಸಂಬಳ: ಬಾಡಿಗೆಗೆ ಬಿಡಲು ಈಗಲೇ ಫ್ಲಾಟ್ ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿ ಐಟಿ ಕೆಲಸ, ಕಾಂಟ್ರ್ಯಾಕ್ಟ್ ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಕೈಗೆ 72,000 ಬರುತ್ತದೆ, ಉಳಿತಾಯ 12 ಲಕ್ಷ. 60 ಲಕ್ಷದ ಫ್ಲಾಟ್ ಕೊಂಡು ಬಾಡಿಗೆಗೆ ಬಿಡಬೇಕು ಅಂತಿದ್ದೀರಿ. ನನ್ನನ್ನು ಕೇಳಿದರೆ, ಈ ವರ್ಷ ಬೇಡ.

30ರಿಂದ 75 ಲಕ್ಷದವರೆಗಿನ ಸಾಲ ಆದರೆ ಬ್ಯಾಂಕು ಮನೆ ಬೆಲೆಯ 80% ದಾಟಿ ಕೊಡುವಂತಿಲ್ಲ, ಅದು ಆರ್‌ಬಿಐ ನಿಯಮ. ಅಂದರೆ 48 ಲಕ್ಷ ಸಾಲ, 12 ಲಕ್ಷ ನಿಮ್ಮದು. ಹಾಗಾದರೆ ರಿಜಿಸ್ಟ್ರೇಷನ್‌ಗೆ ದುಡ್ಡೆಲ್ಲಿ? 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 2% ಆಗಿದೆ. ಸ್ಟ್ಯಾಂಪ್ ಡ್ಯೂಟಿ, ಸೆಸ್ ಸೇರಿದರೆ ಹತ್ತಿರಹತ್ತಿರ ನಾಲ್ಕೂವರೆ ಲಕ್ಷ. ಇದನ್ನೂ ಕೈಯಿಂದಲೇ ಹಾಕಬೇಕು.

ಇನ್ನು ಕಂತು. 48 ಲಕ್ಷಕ್ಕೆ 8.5% ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 41,600ಕ್ಕೂ ಸ್ವಲ್ಪ ಜಾಸ್ತಿ. ನಿಮ್ಮ ಸಂಬಳದ ಅರ್ಧ ದಾಟಿತು. ಬಾಡಿಗೆ ಈ ಕಂತಿನ ಅರ್ಧ ತುಂಬಿದರೆ ಹೆಚ್ಚು. ಫ್ಲಾಟ್ ಖಾಲಿ ಇರುವ ತಿಂಗಳು ಅದೂ ಇಲ್ಲ, ಮೇಂಟೆನೆನ್ಸ್ ಮಾತ್ರ ನಿಲ್ಲುವುದಿಲ್ಲ.

ನನ್ನ ಕಥೆ ಹೇಳುತ್ತೇನೆ. 2021ರಲ್ಲಿ ನಾನೂ ನನ್ನ ಹೆಂಡತಿಯೂ ಇಬ್ಬರ ಸಂಬಳ ತೋರಿಸಿ 50 ಲಕ್ಷ ಸಾಲ ತೆಗೆದೆವು. ಬಡ್ಡಿ 6.8%, ಕಂತು 38,000. ಆರಾಮಾಗಿ ಕಟ್ಟಬಹುದು ಅನ್ನಿಸಿತ್ತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 4%ನಿಂದ 6.5%ಗೆ ಏರಿತು. ನಮ್ಮ ಸಾಲ ಅದಕ್ಕೇ ಜೋಡಣೆಯಾಗಿತ್ತು. ಕಂತು 45,000 ದಾಟಿತು. ಅದೇ ವರ್ಷ ನನ್ನ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿದ್ದೆ. ಅವಳ ಸಂಬಳ 52,000. ಕಂತು ಹೋಗಿ ಉಳಿದ ಆರೇಳು ಸಾವಿರದಲ್ಲಿ ಮಗುವಿನ ಫೀಸು, ಅಮ್ಮನ ಔಷಧಿ, ದಿನಸಿ. ಮೊದಲು ಎಫ್‌ಡಿ ಮುರಿಸಿದೆವು, ಆಮೇಲೆ ಅವಳ ಬಳೆ ಅಡ ಇಟ್ಟೆವು. ಪ್ರತಿ ತಿಂಗಳು 5ನೇ ತಾರೀಕು ಹತ್ತಿರ ಬಂದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ನನ್ನ ಭಾವ, ಸರ್ಕಾರಿ ಶಾಲೆ ಮೇಷ್ಟ್ರು, ನನಗಿಂತ ಕಡಿಮೆ ಸಂಬಳದಲ್ಲಿ ತುಮಕೂರಲ್ಲಿ ಮನೆ ಸಾಲ ಕಟ್ಟುತ್ತಿದ್ದರು. ಒಂದು ಕಂತೂ ತಪ್ಪಲಿಲ್ಲ. ಸಂಬಳ ಎಷ್ಟು ಅನ್ನೋದನ್ನು ಬ್ಯಾಂಕು ನೋಡಿಕೊಳ್ಳುತ್ತದೆ. ಅದು ನಿಂತರೆ ಎಷ್ಟು ತಿಂಗಳು ತಡೆಯಬಲ್ಲಿರಿ ಅನ್ನೋದನ್ನು ನೀವೇ ನೋಡಿಕೊಳ್ಳಬೇಕು. ಕಾಂಟ್ರ್ಯಾಕ್ಟ್ ಕೆಲಸದವರಿಗೆ ಎಂಟು ತಿಂಗಳ ಕಂತು, ಮನೆಖರ್ಚು ಎರಡೂ ಬೇರೆ ಖಾತೆಯಲ್ಲಿ ಇರಲೇಬೇಕು ಅಂತ ನಾನು ಹೇಳುತ್ತೇನೆ. ಡೌನ್ ಪೇಮೆಂಟ್ ದುಡ್ಡನ್ನು ಅದರಲ್ಲಿ ಸೇರಿಸಬೇಡಿ.

ಫ್ಲಾಟ್ ಬದಲು ಸೈಟ್ ಅಂದರೆ ಬಾಡಿಗೆಯೂ ಬರುವುದಿಲ್ಲ, ಕಂತು ಪೂರ್ತಿ ನಿಮ್ಮ ತಲೆ ಮೇಲೇ. ಬಿ ಖಾತಾ ಸೈಟಿಗಂತೂ (ಕಾನೂನಿನ ಅನುಮೋದನೆ ಪೂರ್ತಿ ಇಲ್ಲದ್ದು) ಹೋಗಬೇಡಿ, ಸಾಲ ಸಿಗುವುದೇ ಕಷ್ಟ.

ಒಂದು ಕೆಲಸ ಮಾಡಿ. ಮುಂದಿನ ತಿಂಗಳಿಂದ ಸಂಬಳ ಬಂದ ದಿನವೇ 42,000 ಆರ್‌ಡಿಗೆ ಹಾಕಿ, ಉಳಿದದ್ದರಲ್ಲಿ ಒಂದು ವರ್ಷ ಬದುಕಿ ನೋಡಿ. ಉಸಿರು ಕಟ್ಟಿದರೆ ಅಲ್ಲೇ ನಿಲ್ಲಿಸಬಹುದು, ಬ್ಯಾಂಕಿನವರು ಫೋನ್ ಮಾಡುವುದಿಲ್ಲ. ಆರಾಮಾಗಿ ನಡೆದರೆ ವರ್ಷದ ಕೊನೆಗೆ 5 ಲಕ್ಷ ಕೂಡಿರುತ್ತದೆ. ರಿಜಿಸ್ಟ್ರೇಷನ್ ದುಡ್ಡು ಅಲ್ಲೇ ಸಿಕ್ಕಿತು, ಅಲ್ವಾ?