ಬೆಲೆ ‘ಎಕ್ಸ್‌ಪೆನ್ಸಿವ್’ ಆಗುತ್ತಾ?

ಪ್ರಶ್ನೆ: ನಾನಿರುವುದು ಸಿಂಗಪುರದಲ್ಲಿ. ಚೀನಾದಿಂದ ಬಂದ ಪಕ್ಕದ ಮನೆಯವರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಏನು ಕೊಂಡರೂ ‘ದಿ ಪ್ರೈಸ್ ಈಸ್ ವೆರಿ ಎಕ್ಸ್‌ಪೆನ್ಸಿವ್’ ಅನ್ನುತ್ತಾರೆ. ತಿದ್ದಬೇಕಾ? ದುಬಾರಿ ಅನ್ನೋಕೆ ಬೇರೆ ಯಾವ ಪದ ಕಲಿಸಲಿ?
– ಒಬ್ಬ ಓದುಗಳು

ಉತ್ತರ: ತಿದ್ದಿ, ಆದರೆ ಮೆತ್ತಗೆ. ಚೀನಿ ಮಾತಾಡುವವರಿಗೆ ನಾನು ಆನ್‌ಲೈನ್‌ನಲ್ಲಿ ಪಾಠ ಮಾಡುತ್ತೇನೆ, ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಇದೇ ವಾಕ್ಯ. ಅವರ ಭಾಷೆಯಲ್ಲಿ ದುಬಾರಿಗೆ ‘ಗ್ವೇ’ ಅನ್ನುತ್ತಾರೆ. ಚೌಕಾಸಿಗೆ ಇಳಿದವರು ‘ತಾಯ್ ಗ್ವೇ ಲ’ ಅನ್ನುತ್ತಾರೆ, ತುಂಬಾ ಜಾಸ್ತಿ ಆಯ್ತು ಅಂತ. ಆಡುಮಾತಿನಲ್ಲಿ ಸಾಮಾನೂ ಗ್ವೇ, ಬೆಲೆಯೂ ಗ್ವೇ. ನಾವೂ ‘ದರ ದುಬಾರಿ’ ಅಂತೀವಲ್ವಾ?

ಇಂಗ್ಲಿಷ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅವರನ್ನು ದುರಿಯನ್ ಹಣ್ಣಿನ ಅಂಗಡಿಗೆ ಕರೆದುಕೊಂಡು ಹೋಗಿ. ಮುಸಾಂಗ್ ಕಿಂಗ್ ತಳಿಯ ಹಣ್ಣು ತೋರಿಸಿ ‘ದಿಸ್ ದುರಿಯನ್ ಈಸ್ ಎಕ್ಸ್‌ಪೆನ್ಸಿವ್’ ಅನ್ನಿಸಿ. ಆಮೇಲೆ ಬೆಲೆ ಬರೆದ ಚೀಟಿ ತೋರಿಸಿ ‘ದಿ ಪ್ರೈಸ್ ಈಸ್ ಹೈ’ ಅನ್ನಿಸಿ. ಬೆರಳು ಹಣ್ಣಿನ ಮೇಲಿದ್ದರೆ ಒಂದು ಪದ, ಚೀಟಿಯ ಮೇಲಿದ್ದರೆ ಇನ್ನೊಂದು. ಇದು ಕೂರುವ ತನಕ ಹೊಸ ಪದ ಬೇಡವೇ ಬೇಡ. ಉದ್ದುದ್ದ ಪಟ್ಟಿ ಉರು ಹೊಡೆಸುವ ಪಾಠ ನನಗೆ ಹಿಡಿಸುವುದಿಲ್ಲ.

ಆಮೇಲೆ ಮೂರು ಪದ ಸಾಕು. ಸ್ನೇಹಿತರ ನಡುವೆ, ‘ಸ್ವಲ್ಪ ಜಾಸ್ತಿನೇ’ ಅನ್ನೋಕೆ ‘ಪ್ರೈಸಿ’. ವಸ್ತುವಿನ ಯೋಗ್ಯತೆಗಿಂತ ಬೆಲೆ ಹೆಚ್ಚಾಯಿತು ಅನ್ನಿಸಿದರೆ ‘ಓವರ್‌ಪ್ರೈಸ್ಡ್’. ಸುಲಿಗೆ ಅನ್ನೋಕೆ ‘ರಿಪ್ ಆಫ್’. ಇದು ಅವರಿಗೆ ಥಟ್ಟನೆ ಹೊಳೆಯುತ್ತದೆ, ಯಾಕೆಂದರೆ ಚೀನಿಯಲ್ಲೂ ಗಿರಾಕಿಯನ್ನು ‘ಕಡಿದರು’ ಅನ್ನುವ ಮಾತಿದೆ. ಆದರೆ ಅಂಗಡಿಯವರ ಮುಖಕ್ಕೇ ‘ರಿಪ್ ಆಫ್’ ಅನ್ನಬಾರದು, ಜಗಳವಾಗುತ್ತದೆ. ಅಲ್ಲಿ ‘ಇಟ್ಸ್ ಎ ಬಿಟ್ ಮಚ್ ಫಾರ್ ಮಿ’ ಅಂದರೆ ಮರ್ಯಾದೆ ಉಳಿಯುತ್ತದೆ, ಚೌಕಾಸಿಗೂ ಜಾಗ ಇರುತ್ತದೆ.

ನಾವು ಸೀರೆಗೂ ಈರುಳ್ಳಿಗೂ ‘ಕಾಸ್ಟ್ಲಿ’ ಅನ್ನುತ್ತೇವೆ. ತಪ್ಪಲ್ಲ. ಆದರೆ ಬೇರೆ ಕಡೆ ಅದು ಯುದ್ಧ, ಎಡವಟ್ಟು, ಕೋರ್ಟ್ ಕೇಸುಗಳ ಜೊತೆ ಹೆಚ್ಚು ಕೇಳಿಬರುತ್ತದೆ. ಅವರಿಗೆ ಕಲಿಸುವಾಗ ‘ಕಾಸ್ಟ್ಲಿ ಮಿಸ್ಟೇಕ್’ ಅಂತ ಜೋಡಿಯಾಗಿಯೇ ಕಲಿಸಿ.

ಒಂದು ಕಡೆ ಮಾತ್ರ ಹುಷಾರಾಗಿರಿ: ‘ಇನ್‌ವ್ಯಾಲ್ಯುಯಬಲ್’. ಶುರುವಿನ ‘ಇನ್’ ನೋಡಿ ಬೆಲೆಯೇ ಇಲ್ಲದ್ದು ಅಂತ ಎಷ್ಟೋ ಜನ ತಿಳಿಯುತ್ತಾರೆ. ಅರ್ಥ ಮಾತ್ರ ಉಲ್ಟಾ, ಬೆಲೆ ಕಟ್ಟಲಾಗದಷ್ಟು ಅಮೂಲ್ಯ ಅಂತ. ‘ನಿಮ್ಮ ಸಹಾಯ ಇನ್‌ವ್ಯಾಲ್ಯುಯಬಲ್’ ಅಂತ ಯಾರಾದರೂ ಅವರನ್ನು ಹೊಗಳಿದರೆ ಬೇಜಾರು ಮಾಡಿಕೊಂಡಾರು. ಬೆಲೆ ಕಟ್ಟಲಾಗದ ನಿಧಿ ಅನ್ನೋಕೆ ಚೀನಿಯಲ್ಲಿ ‘ವು ಜ್ಯಾ ಜ಼್ ಬಾವ್’ ಅನ್ನುವ ಹಳೆಯ ನುಡಿಗಟ್ಟಿದೆ. ಅದನ್ನು ನೆನಪಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ.